ಒಂದು ಬೆರಳಗಲ

ಖುರ್ಷಿದ್ ಬಾಯಿಯ ಡ್ರೈವರು ಇಟ್ಟುಹೋದ
ಮೂರು ಹಾಳೆ, ಹಳೇ ಕ್ಯಾಲೆಂಡರಿನ ಸುರುಳಿಯೊಳಗೆ.
ಅವರ ತಾತ ರೇಷ್ಮೆ ಮಾರಲು ಕೋಬೆಗೆ ಹೋದವರು
ಬರುವಾಗ ಕೊಂಡದ್ದಂತೆ.
ಕಬ್ಬನ್‌ಪೇಟೆಯ ನನ್ನ ಅಂಗಡಿಗೆ ಬರುವುದು
ದೇವರ ಪಟ, ಮದುವೆ ಫೋಟೊ, ತೀರಿಕೊಂಡವರು.
ಕೈ ತೊಳೆದು, ಒರೆಸಿ,
ಮತ್ತೊಮ್ಮೆ ತೊಳೆದು ಮುಟ್ಟಿದೆ.

ಹಿಪ್ಪುನೇರಳೆಯ ದಾಯಾದಿ ಮರದ ಕಾಗದ.
ನೀಲಿ ಆಕಾಶದೊಳಗೆ
ಅಚ್ಚಿನ ಹಲಗೆಯ ನಾರು ಇನ್ನೂ ಓಡುತ್ತಿದೆ.

ಕೆಳಗೆ, ಹಾಳೆಯ ತುಂಬ, ನಾಟಕದವನು:
ಹುಬ್ಬು ಬೋಳಿಸಿ, ಅದಕ್ಕೂ ಮೇಲೆ ಇನ್ನೊಂದು ಬರೆದು
ಹೆಣ್ಣಾಗಿ ಕೂತ ಗಂಡಸು, ಎದೆಗವಚಿದ ಕೂಸು.
ಮೇಲೆ, ಗವಾಕ್ಷಿಯಷ್ಟು ಜಾಗದಲ್ಲಿ,
ಹೆತ್ತವರಿಗಾಗಿ ಏನೋ ಮಾಡುತ್ತಿರುವ ಮಗ.
ಒಂದರಲ್ಲಿ ಹಿಮ ಕೆದಕಿ ಕಳಲೆ ಹುಡುಕುತ್ತಾನೆ.
ಒಂದರಲ್ಲಿ ಅಂಗಿ ಬಿಚ್ಚಿ ಮಲಗಿದ್ದಾನೆ,
ಸೊಳ್ಳೆಗಳು ತನ್ನನ್ನೇ ಕುಡಿದು
ಅಪ್ಪನ ಗೊಡವೆಗೆ ಹೋಗದಿರಲೆಂದು.
(ಬಾರೋ ಮರಿ, ನಮ್ಮ ಮೋರಿ ಪಕ್ಕ
ಒಂದು ರಾತ್ರಿ ಕಳೆದು ನೋಡು.)

ಮೂರನೆಯದರಲ್ಲಿ ಮಗನಿಗೇ ಎಪ್ಪತ್ತು.
ಕೂಸಿನ ಅಂಗಿ ತೊಟ್ಟು, ಗಿಲಕಿ ಹಿಡಿದು
ಅಂಗಳದಲ್ಲಿ ಬೇಕೆಂದೇ ಜಾರಿ ಬೀಳುತ್ತಾನೆ,
ತೊಂಬತ್ತು ದಾಟಿದ ಅಪ್ಪ ಅಮ್ಮನಿಗೆ
ತಮ್ಮ ವಯಸ್ಸು ಮರೆಯಲಿ ಎಂದು.
ಇವನೂ ನಟನೇ. ಟಿಕೆಟ್ಟಿಲ್ಲದ ಆಟ.

ಫೋನಿನಲ್ಲಿ ಖುರ್ಷಿದ್ ಬಾಯಿ:
‘ಮೇಲಿನ ಚಿಲ್ಲರೆ ಚಿತ್ರ ಮೌಂಟಿನಡಿ ಮುಚ್ಚಿಬಿಡಮ್ಮ,
ನಾಟಕದವನು ಸಾಕು.’
ಆಗಲಿ ಎಂದೆ. ಅಡ್ವಾನ್ಸ್ ಬಂದಿತ್ತು.

ನಮ್ಮಪ್ಪ ಪುಟ್ಟರುದ್ರಯ್ಯ
ಕಂಪನಿ ನಾಟಕದಲ್ಲಿ ಮೂವತ್ತೊಂದು ವರ್ಷ ತಾಯಿ.
ಹೆಂಗಸರು ಬಣ್ಣ ಹಚ್ಚತೊಡಗಿದ ಮೇಲೂ
ತಾಯಿಗೆ ಮಾತ್ರ ಅವನೇ ಬೇಕು.
ರಜೆಯಲ್ಲಿ ನನ್ನನ್ನು ಕ್ಯಾಂಪಿಗೆ ಕಳಿಸುತ್ತಿದ್ದರು.
ಸೈಡ್‌ವಿಂಗಿನಲ್ಲಿ, ಸೋಡಾ ಕ್ರೇಟಿನ ಮೇಲೆ ಕೂತು ನೋಡಿದ್ದೇನೆ:
ಸುತ್ತಿದ ಟವೆಲ್ಲೊಂದನ್ನು ಮಡಿಲಿಗೆ ಹಾಕಿ
ಅಪ್ಪ ತಟ್ಟುತ್ತಿದ್ದ ರೀತಿ.
ಮೂರು ಸಾವಿರ ಜನ ಮೂಗು ಒರೆಸಿಕೊಳ್ಳುತ್ತಿದ್ದರು.
ಆಟ ಮುಗಿದರೆ ಬಣ್ಣ ತೆಗೆದು ಬೀಡಿ ಹಚ್ಚಿ
‘ಇನ್ನೂ ಮಲಗಿಲ್ವೇನೇ?’ ಅನ್ನುವುದು,
ನನಗೆ ಅಷ್ಟೇ.
ಟವೆಲ್ಲಿನ ಮೇಲೆ ನನಗಿದ್ದ ಹೊಟ್ಟೆಕಿಚ್ಚು
ಒಡಹುಟ್ಟಿದವರ ಮೇಲೂ ಇರಲಿಲ್ಲ.

ಈಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಮಂಚ.
‘ಇವತ್ತು ಎಲ್ಲಿ ಕ್ಯಾಂಪು?’ ಕೇಳುತ್ತಾನೆ.
ಹರಪನಹಳ್ಳಿ ಅಂದರೆ ಸಮಾಧಾನ.
ಬೆಂಗಳೂರು ಅಂದರೆ ಕಲೆಕ್ಷನ್ ಬರಲ್ಲ ಅಂತ ಕೊರಗು.

ನಿನ್ನೆ ರಾತ್ರಿ ಮೈ ಒರೆಸಿ ಬಕೆಟ್ಟು ಚೆಲ್ಲಿ ಬಂದರೆ
ಟವೆಲ್ಲು ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದಾನೆ.
ಕತ್ತು ಒಂದಿಷ್ಟೇ ವಾಲಿದೆ, ಆ ಹಾಳೆಯ ಹೆಣ್ಣಿನ ಹಾಗೆ.
ತಟ್ಟುತ್ತಾನೆ. ನಿಲ್ಲಿಸುತ್ತಾನೆ.
ಬಾಗಿಲ ಕಡೆ ನೋಡುತ್ತಾನೆ.
ಎರಡು ಸಲ ಆದ ಮೇಲೆ ಹೊಳೆಯಿತು:
ಇಲ್ಲಿ ಮಗು ಅಳಬೇಕು.
ಆಗೆಲ್ಲ ಪರದೆ ಹಿಂದೆ ಅಳುತ್ತಿದ್ದುದು
ಹಾರ್ಮೋನಿಯಂ ಮೇಷ್ಟ್ರು ಗುಳ್ಳಪ್ಪ,
ಅವರು ಸತ್ತು ಹದಿನೆಂಟು ವರ್ಷ.

ಐವತ್ತೆಂಟರ ನಾನು, ಮಂಡಿ ಹಿಡಿದುಕೊಂಡು
ಬಾಗಿಲ ಮರೆಗೆ ಹೋಗಿ ನಿಂತು ಅತ್ತೆ,
ಮೂರು ತಿಂಗಳ ಕೂಸಿನ ಹಾಗೆ.
ಮಹಡಿಯ ಮಗ್ಗ ತಟಕ್ಕನೆ ನಿಂತಿತು.
ಅಪ್ಪ ಟವೆಲ್ಲನ್ನು ಹೆಗಲಿಗೇರಿಸಿ
ಕೋಣೆಗೆಲ್ಲ ಕೇಳುವ ಪಿಸುದನಿಯಲ್ಲಿ
‘ಇನ್ನೂ ಅರ್ಧ ಮನೆ ಮೇಲೆ’ ಅಂದ.
ಶ್ರುತಿ ಏರಿಸಿದೆ.

ಬೆಳಿಗ್ಗೆ ಮೂರನೆಯ ಹಾಳೆಗೆ ಮೌಂಟು ಕೊಯ್ದೆ.
ಲೆಕ್ಕದಂತೆ ಮೇಲಿನಿಂದ ನಾಲ್ಕೂವರೆ ಇಂಚು ಮುಚ್ಚಬೇಕು.
ನಾಲ್ಕಕ್ಕೆ ಬ್ಲೇಡು ಇಳಿಸಿದೆ.
ಬಿಳಿ ಅಂಚಿನ ಕೆಳಗೆ ಒಂದು ಬೆರಳಗಲದಲ್ಲಿ
ಮುದುಕನ ಎರಡು ಪಾದ,
ಒಂದು ಆಗಲೇ ನೆಲ ಬಿಟ್ಟಿದೆ.

ಇದೇನಮ್ಮ ಅಂತ ಕೇಳಿದರೆ
ಬ್ಲೇಡು ಜಾರಿತು ಅನ್ನುತ್ತೇನೆ.